ಅರ್ಥಕ್ಕಿಂತ ಮೊದಲು ಸ್ವರ

ಕೇಳುಗರೆಲ್ಲರಿಗೂ ನಮಸ್ಕಾರ. ಹಿಂದುಸ್ತಾನಿ ಕಚೇರಿ ಮುಗಿಸಿ ಹೊರಬರುವಾಗ ನನ್ನನ್ನು ನಿಲ್ಲಿಸಿ, "ಈಗ ಹಾಡಿದ ಚೀಜಿನ, ಅಂದರೆ ಆ ಹಾಡಿನ, ಅರ್ಥವೇನು?" ಎಂದು ಕೇಳುವವರು ಪ್ರತಿ ಸಲವೂ ಸಿಗುತ್ತಾರೆ. ಅವರ ಆಸಕ್ತಿಯ ಮೇಲೆ ನನಗೆ ಗೌರವವಿದೆ. ಆದರೆ ಮುಕ್ಕಾಲು ಗಂಟೆ ಯಮನ್ ರಾಗದಲ್ಲಿ ಕುಳಿತು ಎದ್ದವರು, ಹಾಡಿನಲ್ಲಿದ್ದ ಎರಡು ಸಾಲಿನ ಉತ್ತರ ಭಾರತದ ಬ್ರಜಭಾಷೆ ತಿಳಿಯಲಿಲ್ಲವೆಂದು ಬರಿಗೈಯಲ್ಲಿ ಹೊರಟಂತೆ ಕೊರಗುವುದನ್ನು ಮಾತ್ರ ನಾನು ಒಪ್ಪಲಾರೆ. ಸಂಗೀತದಲ್ಲಿ ಸ್ವರ ಮೊದಲು, ಮಾತು ಆಮೇಲೆ.

ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರನ್ನೇ ನೆನೆಯೋಣ. ಬಾಲಕನಾಗಿದ್ದಾಗ ಅವರು ಅಂಗಡಿಯೊಂದರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿದರು. ಅದು ಝಿಂಝೋಟಿ ರಾಗದ ಠುಮ್ರಿ, ಭಾವಪ್ರಧಾನವಾದ ಲಘು ಶಾಸ್ತ್ರೀಯ ಹಾಡು. ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಆಸುಪಾಸಿನ ಹಾಡು. ಹುಡುಗನ ಮನೆಮಾತು ಕನ್ನಡ, ಠುಮ್ರಿಯ ಮಾತು ಉತ್ತರದ್ದು. ಆದರೂ ಆ ದನಿ ಅವರನ್ನು ಹಿಡಿದದ್ದು ಮತ್ತೆ ಬಿಡಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟರು. ರೈಲಿನಲ್ಲಿ ಪ್ರಯಾಣಿಕರಿಗೆ ಹಾಡು ಹೇಳುತ್ತ ಗ್ವಾಲಿಯರ್ ಸೇರಿದರು, ಜಲಂಧರದವರೆಗೂ ಗುರುವನ್ನು ಅರಸುತ್ತ ಹೋದರು. ಕೊನೆಗೆ ಗುರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ: ಸವಾಯಿ ಗಂಧರ್ವರು, ತಟ್ಟೆಯಲ್ಲಿ ಕೇಳಿದ್ದ ಅದೇ ಖಾನ್ ಸಾಹೇಬರ ಶಿಷ್ಯರು. ಹುಡುಗ ಇಷ್ಟು ದೂರ ಅಲೆದದ್ದು ಪದದ ಅರ್ಥ ಹುಡುಕಿಕೊಂಡಲ್ಲ, ಆ ಸ್ವರ ತನ್ನ ಕಂಠಕ್ಕೂ ಬರಲೆಂದು.

ಹಿಂದುಸ್ತಾನಿ ಕಚೇರಿಯ ಮುಖ್ಯ ಗಾಯನ ಪ್ರಕಾರವಾದ ಖಯಾಲಿನ ರಚನೆಯೂ ಇದನ್ನೇ ಹೇಳುತ್ತದೆ. ಹಾಡಿನ ಮೊದಲ ಭಾಗವಾದ ಸ್ಥಾಯಿ, ಎರಡನೆಯದಾದ ಅಂತರಾ ಎರಡೂ ಸೇರಿ ನಾಲ್ಕೈದು ಸಾಲು ಮೀರುವುದು ಅಪರೂಪ. ಖಾನ್ ಸಾಹೇಬರ ಕಿರಾಣಾ ಪರಂಪರೆಯ ಗಾಯಕರ ಅತಿ ವಿಲಂಬಿತದಲ್ಲಿ, ಅಂದರೆ ತೀರ ನಿಧಾನದ ಲಯದಲ್ಲಿ, ಏಕತಾಳದ 12 ಮಾತ್ರೆಗಳ ಒಂದು ಆವರ್ತನಕ್ಕೇ, ಎಂದರೆ ತಾಳದ ಒಂದು ಸುತ್ತಿಗೇ, ಅರ್ಧ ನಿಮಿಷ ಮೀರುತ್ತದೆ. 'ಪಿಯಾ' ಎಂಬ ಪದ ಸಿಕ್ಕಿದರೆ 'ಪಿ' ಎಲ್ಲೋ ಹಿಂದೆ ಉಳಿದು, 'ಯಾ' ಒಂದೇ 'ಆ'ಕಾರವಾಗಿ ಹರಡಿ, ಗಾಂಧಾರದ, ಅಂದರೆ 'ಗ' ಸ್ವರದ, ಮೇಲೆ ನಿಂತು, ತಾಳದ ಮೊದಲ ಪೆಟ್ಟಾದ ಸಮ್ ಬರುವವರೆಗೂ ಬೆಳೆಯುತ್ತದೆ. ಆಗ ಕಿವಿ ಗಾಂಧಾರದ ಜೊತೆ ಇರಬೇಕು, ನಿಘಂಟಿನ ಜೊತೆ ಅಲ್ಲ.

ತರಾನಾ ಎಂಬ ಗಾಯನ ಪ್ರಕಾರದ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಸಮಯ ಉಳಿದಿಲ್ಲ. 'ತೋಂ, ತನನ, ದಿರದಿರ' ಎಂಬ ಅದರ ಅಕ್ಷರಗಳಿಗೆ ಅರ್ಥ ಕೇಳದೆಯೇ ಸಭೆಯೆಲ್ಲ ತಲೆದೂಗುತ್ತದೆ ಎಂಬುದನ್ನಷ್ಟೇ ನೆನಪಿಸುತ್ತೇನೆ.

ಈ ರಾತ್ರಿ ಖಯಾಲಿನ ಯಾವುದಾದರೂ ಧ್ವನಿಮುದ್ರಣ ಹಾಕಿಕೊಳ್ಳಿ. ಮೊದಲು ತಂಬೂರಿಯನ್ನು ಮಾತ್ರ ಕೇಳಿ. ತಂತಿಗಳನ್ನು ಹೊರುವ 'ಕುದುರೆ' ಎಂಬ ಪಟ್ಟಿಯ ಮೇಲೆ ತಂತಿಯಡಿ ಸಿಕ್ಕಿಸಿದ ಎಳೆ ನೂಲು ಆ ನಾದಕ್ಕೆ ಝೇಂಕಾರ ಕೊಡುತ್ತದೆ. ಗಾಯಕರು ಬಾಯಿ ತೆರೆದು ಆಧಾರ ಸ್ವರವಾದ ಷಡ್ಜ ಹಚ್ಚಿದಾಗ ಯಾವುದು ತಂತಿ, ಯಾವುದು ಕಂಠ ಎಂದು ತಿಳಿಯದ ಒಂದು ಕ್ಷಣ ಬರುತ್ತದೆ; ಅದಕ್ಕಾಗಿ ಕಾಯಿರಿ. ನಮಸ್ಕಾರ.