ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ

ಎಲ್ಲರಿಗೂ ನಮಸ್ಕಾರ. ಗ್ಯಾಸ್ ಗೀಸರ್ ಕುರಿತು ಕಳೆದ ವಾರ ನಾನು ಹಾಕಿದ್ದ ಪುಟ್ಟ ವಿಡಿಯೊದ ಕೆಳಗೆ ಉಡುಪಿ ಕಡೆಯ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “ನಮ್ಮ ಬಚ್ಚಲಲ್ಲಿ ಎಂಟು ವರ್ಷದಿಂದ ಗ್ಯಾಸ್ ಗೀಸರ್ ಇದೆ, ಏನೂ ಆಗಿಲ್ಲ. ಸುಮ್ಮನೆ ಜನರನ್ನು ಹೆದರಿಸಬೇಡಿ ಮಾರಾಯ್ರೆ.” ಈ ಮಾತಿಗೆ ಬಿದ್ದ ಲೈಕುಗಳು ನನ್ನ ವಿಡಿಯೊಗೆ ಬಿದ್ದದ್ದಕ್ಕಿಂತ ಹೆಚ್ಚು. ಇವತ್ತಿನ ಮಾತಿಗೆ ಅದೇ ಕಾರಣವೆಂದು ನೀವು ಅನುಮಾನಿಸಿದರೆ ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿದರೆ ನನ್ನ ಸಂಕಟ ಸ್ವಲ್ಪ ಕಡಿಮೆಯಾದೀತು.

ನಾನು ಹೇಳಬೇಕಾಗಿರುವುದು ಒಂದೇ ವಿಷಯ. ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಇರಕೂಡದು. ಅದು ಮನೆಯ ಹೊರಗೋಡೆಯ ಮೇಲೆ, ಬಯಲು ಗಾಳಿ ಆಡುವ ಜಾಗದಲ್ಲಿ ಇರಬೇಕು. ಬಚ್ಚಲಿಗೆ ಬರಬೇಕಾದದ್ದು ಬಿಸಿನೀರಿನ ಪೈಪು ಮಾತ್ರ.

ಎಂಟು ವರ್ಷದ ವಾದವನ್ನು ಮೊದಲು ಮುಗಿಸಿಬಿಡೋಣ. ಶಿರಾಡಿ ಘಾಟಿಯ ತಿರುವುಗಳಲ್ಲಿ ಎಂಟು ವರ್ಷ ಬಲಬದಿಯಲ್ಲೇ ಕಾರು ಓಡಿಸಿದ್ದೇನೆ, ಏನೂ ಆಗಿಲ್ಲ ಎಂದು ಒಬ್ಬರು ಹೇಳಿದರೆ ನಾವು ಅವರನ್ನು ಒಳ್ಳೆಯ ಚಾಲಕರೆಂದು ಕರೆಯುವುದಿಲ್ಲ. ಅವರ ಕಾರಿನಲ್ಲಿ ಕೂರುವುದಿಲ್ಲ, ಅಷ್ಟೇ.

ಈಗ ಲೆಕ್ಕ ನೋಡಿ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಸಾಧಾರಣ ಗೀಸರೊಂದು ಪೂರ್ತಿ ಉರಿಯಲ್ಲಿ ಅಡುಗೆಮನೆಯ ಐದಾರು ಬರ್ನರುಗಳಷ್ಟು ಗ್ಯಾಸನ್ನು ಸುಡುತ್ತದೆ. ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೊ ಎಂದಿಟ್ಟುಕೊಳ್ಳಿ. ಒಂದು ಕಿಲೊ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 12 ಘನಮೀಟರ್ ಗಾಳಿ ಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ ಎಂಟು ಘನಮೀಟರ್. ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚಿದ್ದರೆ ಕಾಲು ಗಂಟೆಯ ಸ್ನಾನದಲ್ಲಿ ಆ ಕೋಣೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಗಾಳಿಯ ಆಮ್ಲಜನಕವನ್ನು ಗೀಸರ್ ನುಂಗಿರುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗುತ್ತದೆ, ಅರೆಬರೆ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆ ಭಾರವಾಗುತ್ತದೆ, ಹೊಟ್ಟೆ ತೊಳಸುತ್ತದೆ, ಬಿಸಿನೀರಿನ ಹಬೆಯಿಂದ ಹೀಗಾಗಿರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಆಮೇಲೆ ಕಾಲಿನ ಶಕ್ತಿ ಹೋಗಿ ಚಿಲಕದವರೆಗೆ ಕೈ ಚಾಚಲೂ ಆಗುವುದಿಲ್ಲ. ಹೊರಗಿದ್ದವರಿಗೆ ಜಾರಿ ಬಿದ್ದಂತೆ ಕೇಳಿಸುತ್ತದೆ.

“ಗ್ಯಾಸ್ ಸೋರಿದರೆ ವಾಸನೆ ಬರುವುದಿಲ್ಲವೇ?” ಎಂದು ಇನ್ನೊಬ್ಬರು ಕೇಳಿದ್ದಾರೆ. ಬರುತ್ತದೆ ಸ್ವಾಮಿ, ಸೋರಿದರೆ ಬರುತ್ತದೆ, ಏಕೆಂದರೆ ಸಿಲಿಂಡರಿನ ಗ್ಯಾಸಿಗೆ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೇಕೆಂದೇ ಬೆರೆಸಿರುತ್ತಾರೆ. ಆದರೆ ಗ್ಯಾಸ್ ಉರಿದಾಗ ಅದೂ ಉರಿದುಹೋಗುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರನ್ನು ಹೊರಗಿಟ್ಟಿದ್ದೇವೆ, ಗೀಸರ್ ಮಾತ್ರ ಒಳಗಿದೆ ಎಂದು ಹೆಮ್ಮೆಯಿಂದ ಬರೆಯುವವರಿಗೂ ಇದೇ ಉತ್ತರ. ಸೋರಿಕೆಯ ಅಪಾಯವನ್ನು ನೀವು ಹೊರಗೆ ಕಳುಹಿಸಿದ್ದೀರಿ, ಬಹಳ ಸಂತೋಷ. ಉರಿಯನ್ನು ಒಳಗೆ ಕೂರಿಸಿಕೊಂಡಿದ್ದೀರಿ.

ಕಿಟಕಿ ತೆರೆದಿಟ್ಟರೆ ಸಾಕಲ್ಲವೇ ಎನ್ನುವವರು ಕರಾವಳಿಯಲ್ಲಿ ಮಳೆಗಾಲ ಕಳೆದಿದ್ದಾರೆಯೇ ಎಂದು ನನಗೆ ಸಂಶಯ ಬರುತ್ತದೆ. ಜೂನ್ ಬಂದೊಡನೆ ಎರಚಲು ಒಳಗೆ ಬರುತ್ತದೆಂದು ನಾವು ಮೊದಲು ಮುಚ್ಚುವುದೇ ಬಚ್ಚಲಿನ ವೆಂಟಿಲೇಟರನ್ನು. ಮಂಗಳೂರಿನಲ್ಲಿ ಮಲೇರಿಯದ ಭಯಕ್ಕೆ ಅದಕ್ಕೆ ಸಣ್ಣ ಕಣ್ಣಿನ ಬಲೆ ಬೇರೆ ಬಡಿದಿರುತ್ತೇವೆ. ವರ್ಷ ಕಳೆಯುವಷ್ಟರಲ್ಲಿ ಆ ಬಲೆಯ ಕಣ್ಣುಗಳಲ್ಲಿ ದೂಳು ಕೂತು ಗಾಳಿ ಹೋಗಲಿ, ಬೆಳಕೂ ಸರಿಯಾಗಿ ಬರುವುದಿಲ್ಲ. ಕದ್ರಿ ಕಡೆಯ ಫ್ಲ್ಯಾಟೊಂದರಲ್ಲಿ ನಾನೇ ನೋಡಿದ್ದೇನೆ. ಗಾಜಿನ ಪಟ್ಟಿಗಳಲ್ಲಿ ಎರಡು ಬಿದ್ದುಹೋಗಿದ್ದವು, ಆ ಸಂದಿಗೆ ಹಳೆಯ ಕಂಬಳದ ಫ್ಲೆಕ್ಸಿನ ತುಂಡನ್ನು ಮಡಚಿ ತುರುಕಿದ್ದರು, ಕೋಣದ ಒಂದು ಕೊಂಬು ಮಾತ್ರ ಒಳಗೆ ಇಣುಕುತ್ತಿತ್ತು. ಅದರ ಕೆಳಗೆ ಟವೆಲ್ ಹಾಕುವ ಸರಳಿನ ಪಕ್ಕದಲ್ಲೇ ಗೀಸರ್ ಇತ್ತು. ಗೀಸರಿನ ನೆತ್ತಿಯ ಮೇಲಿನ ಗೋಡೆಯಲ್ಲಿ ಅಂಗೈಯಗಲ ಮಸಿ ಹಿಡಿದಿತ್ತು. ನೀರು ಬಿಟ್ಟು ನೋಡಿದರೆ ಉರಿಯ ತುದಿ ನೀಲಿಯಾಗಿರದೆ ಹಳದಿಯಾಗಿತ್ತು. ಮಸಿ ಮತ್ತು ಹಳದಿ ಉರಿ ಎರಡೂ ಗಾಳಿ ಸಾಲುತ್ತಿಲ್ಲವೆಂದು ಕೂಗಿ ಹೇಳುವ ಗುರುತುಗಳು. ಮನೆಯವರು ಮಾತ್ರ ಗೋಡೆಗೆ ಬೇರೆ ಬಣ್ಣ ಹೊಡೆಸುವ ಯೋಚನೆಯಲ್ಲಿದ್ದರು.

ಇಲ್ಲಿ ಹಿರಿಯರನ್ನು ಎಳೆದು ತರುವವರಿದ್ದಾರೆ. ಅಜ್ಜನ ಕಾಲದಲ್ಲಿ ಬಚ್ಚಲಿನಲ್ಲೇ ಹಂಡೆಗೆ ಬೆಂಕಿ ಹಾಕುತ್ತಿರಲಿಲ್ಲವೇ, ಯಾರು ಸತ್ತರು ಎಂದು ಕೇಳುತ್ತಾರೆ. ಅಜ್ಜನ ಬಚ್ಚಲನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಊರೆಲ್ಲ ಹರಡಿದ ಆ ಹಂಚಿನ ಮಾಡಿನಲ್ಲಿ ಹಂಚು ಹಂಚಿನ ನಡುವೆ ಗಾಳಿಯಾಡುತ್ತಿತ್ತು, ಗೋಡೆ ಎಷ್ಟೋ ಕಡೆ ಮಾಡಿನವರೆಗೆ ಏರುತ್ತಲೇ ಇರಲಿಲ್ಲ. ಅನೇಕ ಮನೆಗಳಲ್ಲಿ ಒಲೆಯ ಬಾಯಿ ಇದ್ದದ್ದು ಗೋಡೆಯ ಆಚೆಗೆ. ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ ಎಲ್ಲವನ್ನೂ ಹೊರಗಿನಿಂದಲೇ ತುರುಕುತ್ತಿದ್ದರು, ಹಂಡೆಯ ನೀರು ಮಾತ್ರ ಒಳಗೆ ಸಿಗುತ್ತಿತ್ತು. ಬೆಂಕಿ ಹೊರಗೆ, ನೀರು ಒಳಗೆ ಎಂಬ ಏರ್ಪಾಡನ್ನು ಅಜ್ಜ ಯಾವ ವಿಡಿಯೊ ನೋಡದೆಯೇ ಮಾಡಿದ್ದರು. ಕಾಂಕ್ರೀಟಿನ ಮಾಡು ಹಾಕಿ, ಟೈಲ್ಸ್ ಅಂಟಿಸಿ, ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಚ್ಚಿ, ಅದರೊಳಗೆ ಬೆಂಕಿ ಹೊತ್ತಿಸಿದವರು ನಾವು.

ಇಪ್ಪತ್ತು ನಿಮಿಷಕ್ಕೆ ತಾನಾಗಿಯೇ ಆರುವ ಟೈಮರ್ ನಮ್ಮ ಗೀಸರಿನಲ್ಲಿದೆ ಎನ್ನುವವರಿಗೆ ದೀಪಾವಳಿಯ ಬೆಳಗಿನ ಜಾವವನ್ನು ನೆನಪಿಸುತ್ತೇನೆ. ನೀರು ತುಂಬುವ ದಿನ ಸಂಜೆ ಗೀಸರಿಗೆ ಹೂ ಮುಡಿಸುವವರನ್ನೂ ನಾನು ಬಲ್ಲೆ, ಅದರಲ್ಲಿ ತಪ್ಪಿಲ್ಲ. ಮಾರನೆಯ ದಿನ ಸೂರ್ಯ ಹುಟ್ಟುವ ಮೊದಲು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಅಪ್ಪ, ಮಕ್ಕಳು, ಭಾವ, ಅತ್ತಿಗೆ ಎಲ್ಲರೂ ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಹೋಗುತ್ತಾರೆ. ಒಬ್ಬರು ನಲ್ಲಿ ನಿಲ್ಲಿಸಿ ಇನ್ನೊಬ್ಬರು ತಿರುಗಿಸಿದರೆ ಟೈಮರ್ ಮತ್ತೆ ಮೊದಲಿನಿಂದ ಎಣಿಸುತ್ತದೆ. ಅದಕ್ಕೆ ಗೊತ್ತಿರುವುದು ನೀರು ಎಷ್ಟು ಹೊತ್ತು ಹರಿಯಿತೆಂದು ಮಾತ್ರ. ಕೋಣೆಯ ಗಾಳಿ ಏನಾಗಿದೆಯೆಂದು ಗೊತ್ತಿಲ್ಲ. ಮೊದಲು ಹೋದವರಿಗಿಂತ ಕೊನೆಗೆ ಹೋದವರಿಗೆ ಅಪಾಯ ಹೆಚ್ಚು, ಮತ್ತು ನಮ್ಮ ಮನೆಗಳಲ್ಲಿ ಕೊನೆಗೆ ಹೋಗುವವರು ಎಲ್ಲರಿಗೂ ಎಣ್ಣೆ ಹಚ್ಚಿ ಮುಗಿಸಿದ ಅಮ್ಮ.

ಇನ್ನು ಎಕ್ಸಾಸ್ಟ್ ಫ್ಯಾನಿನ ಭಕ್ತರು. ಒಳಗೆ ಬರಲು ಗಾಳಿಗೆ ದಾರಿಯೇ ಇಲ್ಲದ ಕೋಣೆಯಿಂದ ಫ್ಯಾನ್ ಯಾವ ಗಾಳಿಯನ್ನು ಹೊರಗೆ ತಳ್ಳೀತು? ಮೇಲಾಗಿ ನಮ್ಮಲ್ಲಿ ಆ ಫ್ಯಾನಿನ ಸದ್ದು ಕಿರಿಕಿರಿಯೆಂದು ಆರಿಸುವವರೇ ಹೆಚ್ಚು. ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಇಡುತ್ತೇವೆ ಎನ್ನುವವರು ಧಾರಾಳವಾಗಿ ಇಡಿ, ಆದರೆ ಅದು ಇರುವುದು ತಪ್ಪಿದಾಗ ಎಚ್ಚರಿಸಲು. ತಪ್ಪನ್ನೇ ಗೋಡೆಗೆ ತೂಗುಹಾಕಿ ಪಕ್ಕದಲ್ಲಿ ಅಲಾರಂ ಇಡುವುದು ನನಗೆ ಅರ್ಥವಾಗುವುದಿಲ್ಲ. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಒಯ್ಯುವ, ಉರಿಗೆ ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಳ್ಳುವ ಯಂತ್ರಗಳು ಇವೆ, ಅವುಗಳ ಮಾತು ಬೇರೆ. ಐದಾರು ಸಾವಿರ ರೂಪಾಯಿಗೆ ನೀವು ಮನೆಗೆ ತಂದಿರುವುದು ಅದಲ್ಲ.

ಹಾಗಾದರೆ ಎಲ್ಲಿ ಹಾಕಬೇಕು? ಹೊರಗೋಡೆಯಲ್ಲಿ, ಸಜ್ಜೆಯ ಕೆಳಗೆ, ಎರಚಲು ನೇರವಾಗಿ ಹೊಡೆಯದ ಮಗ್ಗುಲಲ್ಲಿ ಹಾಕಿ. ಬಚ್ಚಲಿನ ವೆಂಟಿಲೇಟರಿನ ಅಥವಾ ಮಲಗುವ ಕೋಣೆಯ ಕಿಟಕಿಯ ಕೆಳಗೆ ಹಾಕಿದರೆ ಹೊಗೆ ಮತ್ತೆ ಒಳಗೇ ಬರುತ್ತದೆ, ಆದ್ದರಿಂದ ಅಲ್ಲಿ ಬೇಡ. ಫ್ಲ್ಯಾಟಿನವರಿಗೆ ತೆರೆದ ಯುಟಿಲಿಟಿ ಬಾಲ್ಕನಿ ಆದೀತು, ಆದರೆ ಅದಕ್ಕೆ ಗಾಜು ಕೂರಿಸಿ ಕೋಣೆ ಮಾಡಿಕೊಂಡಿದ್ದರೆ ಅದು ಬಾಲ್ಕನಿಯಲ್ಲ. ಪೈಪುಗಳು ಇಳಿಯುವ ಇಕ್ಕಟ್ಟಾದ ಡಕ್ಟ್ ಕೂಡ ಬಯಲಲ್ಲ. ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಸಾದಾ ಪಿವಿಸಿ ಶಾಖ ತಡೆಯುವುದಿಲ್ಲ. ಗ್ಯಾಸಿಗೆ ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಹಾಕಿ, ಐದು ವರ್ಷಕ್ಕೊಮ್ಮೆ ಬದಲಾಯಿಸಿ. ದೂರ ಹೆಚ್ಚಿದ್ದರೆ ತಾಮ್ರದ ಪೈಪು ಎಳೆಸಿ, ರಬ್ಬರಿಗೆ ರಬ್ಬರ್ ಜೋಡಿಸಬೇಡಿ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸಿಲಿಂಡರನ್ನು ತಗ್ಗಿನಲ್ಲಿ, ಚರಂಡಿಯ ಬಾಯಿಯ ಹತ್ತಿರ ಇಡಬೇಡಿ. ಮಾಡಿನ ಟ್ಯಾಂಕಿ ಗೀಸರಿಗಿಂತ ಎರಡು ಮೂರು ಮೀಟರಾದರೂ ಮೇಲಿರದಿದ್ದರೆ ನೀರಿನ ಒತ್ತಡ ಸಾಲದೆ ಗೀಸರ್ ಹೊತ್ತಿಕೊಳ್ಳುವುದೇ ಕಷ್ಟ. ಸಮುದ್ರದ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ, ಬರ್ನರಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಬಿಚ್ಚಿ ಶುಚಿ ಮಾಡಿಸಿ. ಕೊಚ್ಚಿ–ಮಂಗಳೂರು ಕೊಳವೆಮಾರ್ಗ 2021ರಲ್ಲಿ ಉದ್ಘಾಟನೆಯಾಗಿ ನಗರದ ಮನೆಗಳಿಗೆ ಈಗ ಕೊಳವೆ ಗ್ಯಾಸ್ ಬರುತ್ತಿದೆ. ಅದು ಬೇರೆ ಗ್ಯಾಸ್, ಅದರ ಒತ್ತಡ ಬೇರೆ, ಎಲ್‌ಪಿಜಿ ಗೀಸರಿಗೆ ಅದನ್ನು ಹಾಗೆಯೇ ಜೋಡಿಸಬಾರದು. ಇದರ ಬಗ್ಗೆ ಪ್ರತ್ಯೇಕ ವಿಡಿಯೊ ಬರಲಿದೆ, ಗಂಟೆಯ ಗುರುತು ಒತ್ತಿಟ್ಟುಕೊಳ್ಳಿ.

ಹೊರಗೆ ಹಾಕಿದರೆ ಬಿಸಿನೀರು ಬರಲು ಸ್ವಲ್ಪ ತಡವಾಗುತ್ತದೆ ಎಂದು ಒಬ್ಬರು ದೂರಿದ್ದಾರೆ. ಹೌದು, ಪೈಪಿನಲ್ಲಿ ನಿಂತಿರುವ ತಣ್ಣೀರು ಮೊದಲು ಬರುತ್ತದೆ. ಅದನ್ನು ಬಕೆಟಿಗೆ ಹಿಡಿದು ದಾಸವಾಳದ ಗಿಡಕ್ಕೆ ಹಾಕಿ.

2013ರಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿಕೊಂಡದ್ದನ್ನು ದಕ್ಷಿಣ ಕನ್ನಡ ಜಿಲ್ಲೆ ಮರೆತಿಲ್ಲ. ಇವತ್ತಿಗೂ ಹೆದ್ದಾರಿಯಲ್ಲಿ ಬುಲೆಟ್ ಟ್ಯಾಂಕರ್ ಕಂಡರೆ ನಾವು ಸ್ಕೂಟರ್ ನಿಧಾನ ಮಾಡಿ ದೂರ ಸರಿಯುತ್ತೇವೆ. ಅದೇ ಗ್ಯಾಸನ್ನು ಮನೆಗೆ ತಂದು, ಚಿಲಕ ಹಾಕಿದ ಕೋಣೆಯಲ್ಲಿ, ಮೈಮೇಲೆ ಬಟ್ಟೆಯೂ ಇಲ್ಲದ ಹೊತ್ತಿನಲ್ಲಿ, ತಲೆಯಿಂದ ಎರಡು ಅಡಿ ದೂರದಲ್ಲಿ ಉರಿಸುತ್ತೇವೆ. ಹೊರಗೆ ಹಾಕಿ ಎಂದರೆ ಗೋಡೆಯ ಅಂದ ಕೆಡುತ್ತದೆ ಎನ್ನುತ್ತೇವೆ! ಮಳೆಗೆ ಹಾಳಾಗುತ್ತದೆ ಎನ್ನುತ್ತೇವೆ! ಹಾಳಾಗಲಿ, ಇನ್ನೊಂದು ತನ್ನಿ.

ಬಾಡಿಗೆ ಮನೆಯವರು ಮಾತ್ರ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದಾರೆ. ಗೋಡೆಗೆ ತೂತು ಕೊರೆಯಲು ಮಾಲಕರು ಒಪ್ಪುವುದಿಲ್ಲವಂತೆ. ಹಾಗಿದ್ದರೆ ಅದನ್ನು ಬಿಚ್ಚಿ ಮಾಲಕರ ಕೈಗೆ ಕೊಟ್ಟು, ಅಡುಗೆಮನೆಯಲ್ಲಿ ನೀರು ಕಾಯಿಸಿ ಬಕೆಟಿಗೆ ಹೊಯ್ದುಕೊಳ್ಳಿ. ಸ್ನಾನಕ್ಕೆ ಹೋದವರು ಎಷ್ಟು ಕರೆದರೂ ಓಗೊಡದಿದ್ದರೆ ಮೊದಲು ಗ್ಯಾಸ್ ನಿಲ್ಲಿಸಿ, ಬಾಗಿಲು ಒಡೆದಾದರೂ ಸರಿ, ಅವರನ್ನು ಬಯಲು ಗಾಳಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ, ವೈದ್ಯರಿಗೆ ಗ್ಯಾಸ್ ಗೀಸರ್ ಇತ್ತೆಂದು ತಪ್ಪದೆ ಹೇಳಿ.

ಮುಂದಿನ ವಾರ ಸೋಲಾರ್ ಹೀಟರಿನವರನ್ನು ವಿಚಾರಿಸಿಕೊಳ್ಳುವುದಿದೆ. ಅಷ್ಟರೊಳಗೆ ನಿಮ್ಮ ಹೊರಗೋಡೆಯ ಫೋಟೊ ಕಳುಹಿಸಿದರೆ ಗೀಸರಿಗೆ ಜಾಗ ಎಲ್ಲಿ ಒಳ್ಳೆಯದೆಂದು ಹೇಳುತ್ತೇನೆ. ಬಚ್ಚಲಿನ ಒಳಗೆ ಯಾವ ಮೂಲೆ ಒಳ್ಳೆಯದೆಂದು ಕೇಳಿ ಬರೆದವರಿಗೆ ನಾನು ಉತ್ತರಿಸುವುದಿಲ್ಲ.