ಬೆಳ್ಳಿ ಬಣ್ಣದ ಕೆಳಗೆ ಏನಿದೆ?

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲಿ ಕೊಂಡ ಪ್ಲಾಸ್ಟಿಕ್ ಗೊಂಬೆಗೆ ಬೇರೆ ಕೈ ಜೋಡಿಸಿ, ತಲೆಗೆ ಕಿರೀಟ ಕೂರಿಸಿ ಹೊಸ ವೀರನನ್ನು ಮಾಡುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಆದರೆ ಬೆಳ್ಳಿ ಸ್ಪ್ರೇ ಹೊಡೆದ ಮೇಲೆ ಗೊಂಬೆ ಬೂದಿ ಬಳಿದ ಹಾಗೆ ಕಾಣುತ್ತದೆ. ಯಾಕೆ?

ಈ ಬಣ್ಣದಲ್ಲಿರುವುದು ಅಲ್ಯೂಮಿನಿಯಂನ ಅತಿ ಸಣ್ಣ ಚಕ್ಕೆಗಳು. ಅವು ಚಪ್ಪಟೆಯಾಗಿ ಮಲಗಿದರೆ ಹೊಳೆಯುತ್ತವೆ. ಅಡ್ಡಾದಿಡ್ಡಿ ನಿಂತರೆ ಬೆಳಕು ಚದುರಿಹೋಗುತ್ತದೆ. ಹಾಗಾಗಿ ಡಬ್ಬಿಯ ಬೆಲೆಗಿಂತ ಗೊಂಬೆಯ ಮೈ ನುಣುಪಾಗಿರುವುದೇ ಮುಖ್ಯ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಡಬ್ಬಿಯ ಸ್ಪ್ರೇ ಪೇಂಟ್ ಶುರುವಾಗಿದ್ದೇ ಬೆಳ್ಳಿ ಬಣ್ಣದಿಂದ, ಗೊತ್ತಾ? 1949ರಲ್ಲಿ ಅಮೆರಿಕದ ಎಡ್ ಸೀಮೋರ್ ತನ್ನ ಅಲ್ಯೂಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲು ಸುಲಭ ದಾರಿ ಹುಡುಕುತ್ತಿದ್ದ. ಡಬ್ಬಿಯಲ್ಲಿ ತುಂಬಿ ಸಿಂಪಡಿಸು ಎಂದವಳು ಅವನ ಹೆಂಡತಿ.

ಮೊದಲು ಗೊಂಬೆಯನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಂದ ಜಿಡ್ಡು ಹೋಗಬೇಕು. ಒಣಗಿದ ಮೇಲೆ 800 ಅಥವಾ 1000 ನಂಬರಿನ ವಾಟರ್ ಪೇಪರಿನಿಂದ, ಅಂದರೆ ನುಣುಪಾದ ಉಜ್ಜುಕಾಗದದಿಂದ, ಮೆಲ್ಲಗೆ ತಿಕ್ಕಿ. ಆಮೇಲೆ ಹೊಳಪಿನ ಕಪ್ಪು ಬಣ್ಣ. ಬೆಳ್ಳಿ ಎದ್ದು ಕಾಣುವುದು ಕಪ್ಪಿನ ಮೇಲೆಯೇ. ಅದು ಪೂರ್ತಿ ಒಣಗುವವರೆಗೆ, ಕಡಿಮೆ ಅಂದರೂ ಒಂದು ದಿನ, ಮುಟ್ಟಬೇಡಿ.

ಚಕ್ಕೆಗಳು ಡಬ್ಬಿಯ ತಳದಲ್ಲಿ ಕೂತಿರುತ್ತವೆ. ಒಳಗಿನ ಗೋಲಿ ಟಕಟಕ ಅಂದ ಮೇಲೂ ಒಂದೆರಡು ನಿಮಿಷ ಅಲ್ಲಾಡಿಸಿ. ಗೊಂಬೆಯಿಂದ ಒಂದು ಗೇಣಿಗಿಂತ ತುಸು ಜಾಸ್ತಿ ದೂರ ಹಿಡಿಯಿರಿ. ಗೊಂಬೆಯ ಆಚೆಯೇ ಗುಂಡಿ ಒತ್ತಿ, ಕೈ ಸರಿಸಿಕೊಂಡು ಹೋಗಿ, ಇನ್ನೊಂದು ಕಡೆ ದಾಟಿದ ಮೇಲೆ ಬಿಡಿ. ಒಂದೇ ಕಡೆ ನಿಲ್ಲಿಸಿದರೆ ಕಂಕುಳಲ್ಲಿ, ಬಟ್ಟೆಯ ಮಡಿಕೆಯಲ್ಲಿ ಬಣ್ಣ ಮಡುಗಟ್ಟಿ ಇಳಿಯುತ್ತದೆ. ತೆಳುವಾಗಿ ಎರಡು ಮೂರು ಸಲ ಹೊಡೆದರೆ ಸಾಕು.

ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೂ ಈ ಕೆಲಸ ಬೇಡವೇ ಬೇಡ. ಬಣ್ಣ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹಾಲಿನಂಥ ಬಿಳುಪು ಉಳಿಯುತ್ತದೆ. ದಸರೆ ಮುಗಿದು ಬಿಸಿಲು ಬಿದ್ದ ಮೇಲೆ ಹಿತ್ತಲಲ್ಲಿ ಕೂತು ಮಾಡಿ. ಮೂಗಿಗೆ ಮಾಸ್ಕ್ ಇರಲಿ. ಹತ್ತಿರದಲ್ಲಿ ಒಲೆ, ದೀಪ, ಬೀಡಿ ಯಾವುದೂ ಬೇಡ. ಮಕ್ಕಳ ಜೊತೆ ದೊಡ್ಡವರು ಇರಲೇಬೇಕು.

ಥರ್ಮಾಕೋಲಿಗೆ ಈ ಸ್ಪ್ರೇ ತಾಗಿದರೆ ಕರಗಿ ಗುಳಿ ಬೀಳುತ್ತದೆ. ಮೆತ್ತನೆಯ ರಬ್ಬರಿನಂಥ ಗೊಂಬೆಗಳ ಮೇಲೆ ಕೆಲವು ಬಣ್ಣ ಅಂಟಂಟಾಗಿಯೇ ಉಳಿಯುತ್ತವೆ.

ಕೊನೆಗೆ ವಾರ್ನಿಷ್. ಕನ್ನಡಿ ಹೊಳಪಿನ ಕ್ರೋಮ್ ಬಣ್ಣ ವಾರ್ನಿಷ್ ಹೊಡೆದರೆ ಎಷ್ಟೋ ಸಲ ಮಂಕಾಗುತ್ತದೆ. ಮೊದಲು ಒಂದು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿ. ಮಂಕಾಯಿತಾ, ಹಾಗೇ ಬಿಟ್ಟು ಗಾಜಿನ ಕಪಾಟಿನಲ್ಲಿಡಿ.