ಅದೇ ಹಾಡು, ಬೇರೆ ಓಟ

ಕೇಳುಗರೇ, ನಮಸ್ಕಾರ.

ಹಾಸನದ ನಮ್ಮ ಹಳೇ ಮನೆಯಲ್ಲಿ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ದೊಡ್ಡ ಪ್ಲೇಟು ನಿಮಿಷಕ್ಕೆ 33 ಸುತ್ತು, ಚಿಕ್ಕದು 45. ಅಪ್ಪ ಪೇಟೆಗೆ ಹೋದಾಗ ನಾನು ದೊಡ್ಡ ಪ್ಲೇಟು ಹಾಕಿ ಗುಂಡಿಯನ್ನು 45ಕ್ಕೆ ತಿರುಗಿಸಿಬಿಡುತ್ತಿದ್ದೆ. ಗಂಭೀರವಾಗಿ ಹಾಡುತ್ತಿದ್ದವರು ಕೀರಲು ದನಿಯಲ್ಲಿ ಓಡತೊಡಗುತ್ತಿದ್ದರು. ಸಿಕ್ಕಿಬಿದ್ದಾಗ ಬೈಗುಳ ಗ್ಯಾರಂಟಿ. ಅದೇ ಕೆಲಸವನ್ನು ಹದವರಿತು ಮಾಡಿದರೆ ರೀಮಿಕ್ಸ್ ಅಂತ ಕರೆದು ದುಡ್ಡು ಕೊಡುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಇಂಗ್ಲೆಂಡಿನ ಕಾರ್ನರ್‌ಶಾಪ್ ತಂಡ 1997ರಲ್ಲಿ 'ಬ್ರಿಮ್‌ಫುಲ್ ಆಫ್ ಆಶಾ' ಅನ್ನುವ ಹಾಡು ತಂದಿತು. ಈ ಆಶಾ ಬೇರೆ ಯಾರೂ ಅಲ್ಲ, ಆಶಾ ಭೋಸ್ಲೆ. ಹಾಡಿನ ತುಂಬಾ 45ರ ಪ್ಲೇಟುಗಳ ಮೇಲಿನ ಪ್ರೀತಿ. ಆದರೆ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 60ನೇ ಸ್ಥಾನ ಮುಟ್ಟಿ ನಿಂತುಬಿಟ್ಟಿತು. ಫ್ಯಾಟ್‌ಬಾಯ್ ಸ್ಲಿಮ್ ಅಂತ ಹೆಸರಾದ ಡಿಜೆ ನಾರ್ಮನ್ ಕುಕ್ ಅದರ ವೇಗ ಏರಿಸಿದರು. ಶ್ರುತಿಯೂ ಮೇಲೇರಿತು. ಕೆಳಗೆ ದಪ್ಪನೆಯ ಡ್ರಮ್ ಬಂತು. 1998ರ ಫೆಬ್ರವರಿಯಲ್ಲಿ ಅದೇ ಹಾಡು ಒಂದನೇ ಸ್ಥಾನದಲ್ಲಿತ್ತು! ನನ್ನ ಗುಂಡಿ ತಿರುಗಿಸುವ ಚೇಷ್ಟೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಾ?

ನನಗೆ ಜಾಸ್ತಿ ಇಷ್ಟವಾದ ಕಥೆ ಇನ್ನೊಂದಿದೆ. ಅಮೆರಿಕದ ಗಾಯಕಿ ಸುಜಾನ್ ವೇಗಾ 1987ರ ಆಲ್ಬಮ್ಮಿನಲ್ಲಿ 'ಟಾಮ್ಸ್ ಡೈನರ್' ಹಾಡಿದ್ದರು. ವಾದ್ಯವೇ ಇಲ್ಲ, ಬರೀ ದನಿ. ಡಿಎನ್‌ಎ ಅನ್ನುವ ಹೆಸರಿನ ಇಬ್ಬರು ಇಂಗ್ಲಿಷ್ ಹುಡುಗರು ಯಾರನ್ನೂ ಕೇಳದೆ ಅದಕ್ಕೆ ತಾಳ ಕೂರಿಸಿದರು. ಹಾಡಿನ ಕೊನೆಯಲ್ಲಿ ಆಕೆ ಸುಮ್ನೆ ಗುನುಗಿಕೊಂಡಿದ್ದ ಭಾಗವನ್ನು ಕಿತ್ತು ಮುಂದಕ್ಕೆ ತಂದರು, ಮತ್ತೆ ಮತ್ತೆ ಹಾಕಿದರು. ಆಕೆಯ ರೆಕಾರ್ಡ್ ಕಂಪನಿಯವರು ಕೋರ್ಟಿಗೆ ಹೋಗಬಹುದಿತ್ತು. ಹೋಗಲಿಲ್ಲ, ಅದನ್ನೇ ಕೊಂಡು 1990ರಲ್ಲಿ ಬಿಡುಗಡೆ ಮಾಡಿದರು. ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಗಮನಿಸಿ, ಜನ ಮುಗಿಬಿದ್ದ ಆ ಗುನುಗು ಮೊದಲಿನಿಂದಲೂ ಅಲ್ಲೇ ಇತ್ತು. ಬಾಲದಲ್ಲಿದ್ದಿದ್ದರಿಂದ ಕೇಳುವವರ ಕಿವಿ ಅಲ್ಲಿಯವರೆಗೆ ಕಾಯಲಿಲ್ಲ, ಅಷ್ಟೇ.

ಹಾಗಂತ ಎಲ್ಲ ಹಾಡಿಗೂ ಡುಬ್ ಡುಬ್ ಸೇರಿಸಿದರೆ ಆಗಲ್ಲ. ಬೇಕಾದರೆ ನಮ್ಮೂರ ಮದುವೆ ಮನೆಗಳಲ್ಲಿ ಕೇಳಿ ನೋಡಿ.

ಒಂದು ಸಲ ಗಣಪತಿ ಮೆರವಣಿಗೆ ನಮ್ಮ ಬೀದಿಗೆ ಬಂತು. ಟ್ರ್ಯಾಕ್ಟರ್ ತುಂಬಾ ಸ್ಪೀಕರು, ಕಿಟಕಿ ಗಾಜು ನಡುಗುತ್ತಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಸೋದರತ್ತೆ ಕಿವಿ ಮುಚ್ಚಿಕೊಂಡಿದ್ದವರು ಮೆಲ್ಲಗೆ ಕೈ ತೆಗೆದರು.

"ಇದು ನಮ್ಮ ನಾಟಿ ಹಾಡಲ್ವೇನೋ? ಕಣದಲ್ಲಿ ರಾಗಿ ಹರವಿದಾಗ ಮಳೆ ಬಂದಂಗೆ ಓಡಿಸ್ತಾವ್ರಲ್ಲ! ನಾಲ್ಕೇ ಸಾಲು ಹೇಳ್ತಾವ್ರೆ. ಮಿಕ್ಕಿದ್ದು ಎಲ್ಲಿ?"

ನಾನು ಹೋಗಿ ಡಿಜೆ ಹುಡುಗನ ಕಿವಿ ಹತ್ತಿರ ಕೂಗಿ ಅದನ್ನೇ ಕೇಳಿದೆ. ಅವನು ಸೌಂಡ್ ಸ್ವಲ್ಪ ತಗ್ಗಿಸಿ ನನ್ನ ಮುಖ ನೋಡಿದ.

"ಇನ್ನೂ ಐತಾ ಸಾರ್?" ಅಂದ.